ಕಾರಣ ಬಲ್ಲ ಲೆಮಾಲು
ಸಮೋವಾದ ನಮ್ಮ ಹಳ್ಳಿಯಲ್ಲಿ ಕಳ್ಳತನ ಏಕೆ ಹೆಚ್ಚಿತೆಂದು ಖಚಿತವಾಗಿ ಬಲ್ಲವರು ಹಿರಿಯ ಲೆಮಾಲು ಒಬ್ಬರೇ. ಆದರೆ ಅವರು ಹೇಳುವ ಕಾರಣ ಪ್ರತಿ ಸೋಮವಾರದ ಸಭೆಗೆ ಬದಲಾಗುತ್ತದೆ. ಒಮ್ಮೆ ಮೊಬೈಲು, ಒಮ್ಮೆ ಡಬ್ಬಿಮೀನು, ಒಮ್ಮೆ ನಮ್ಮವರು ರಗ್ಬಿಯಲ್ಲಿ ಸೋತದ್ದು. ಬೀಸಣಿಗೆಯಿಂದ ತೊಡೆ ತಟ್ಟಿಕೊಂಡು, "ನಾನ್ ಹೇಳ್ದೆ ಅಂತ ಬರ್ಕೊಳಯ್ಯಾ!" ಎನ್ನುತ್ತಾರೆ. ಬರೆದುಕೊಳ್ಳುವವನು ನಾನು, ಈಗ ಮೂರನೆಯ ಪುಸ್ತಕ ನಡೆಯುತ್ತಿದೆ. ಕಳ್ಳರ ಭಯಕ್ಕೆ ನಾವೆಲ್ಲ ಗೋಡೆ ಕಟ್ಟಿ ಬೀಗ ಜಡಿದೆವು. ಅವರದು ಮಾತ್ರ ಇನ್ನೂ ಬರೀ ಕಂಬಗಳ ಹಳೆಯ ಮನೆ. ಗೋಡೆ ಕಟ್ಟಿಸಿ ಎಂದರೆ, "ದಾರೀಲಿ ಹೋಗೋರು ಕಾಣ್ದೆ ಇದ್ರೆ ಊಟಕ್ಕೆ ಯಾರನ್ನ ಕರೀಲಿ? ನಿನ್ನ ಬೀಗಾನ?" ಎಂದು ರೇಗುತ್ತಾರೆ. ಮೊನ್ನೆ ಮಹಿಳಾ ಸಂಘದ ಒಂದೇ ಹೊಲಿಗೆ ಯಂತ್ರ ಕಳುವಾಗಿ ಮಕ್ಕಳ ಹಬ್ಬದ ಬಿಳಿ ಬಟ್ಟೆಗಳು ಅರ್ಧಕ್ಕೇ ನಿಂತವು. ಗಂಡಸರ ಉದ್ದ ಕೂದಲೇ ಇದಕ್ಕೆ ಕಾರಣವೆಂದು ಸಾರಿದ ಲೆಮಾಲು ಇಪ್ಪತ್ತು ತಲೆ ಬೋಳಿಸಿದರು. ಊರೆಲ್ಲ ಕಳ್ಳನೆಂದು ಅನುಮಾನಿಸುತ್ತಿದ್ದ ಪೆಲೆ ಎಂಬ ಹುಡುಗ ಮಾತ್ರ ಕತ್ತರಿಗೆ ಸಿಗದೆ ತಪ್ಪಿಸಿಕೊಂಡ. ಆ ಸಂಜೆ ಅವನು ಬಾಡಿದ ಮುಖದಲ್ಲಿ ದಾರಿ ಹಿಡಿದು ಹೋಗುತ್ತಿದ್ದುದನ್ನು ಕಂಡ ಲೆಮಾಲು, "ಏ ಪೆಲೆ, ಬಾರೋ, ಉಣ್ಣು" ಎಂದು ಕೂಗಿ, ಬೆಂದ ಕೆಸುವಿನ ಗಡ್ಡೆಯ ದೊಡ್ಡ ಪಾಲನ್ನು ಅವನಿಗೇ ಬಡಿಸಿದರು, ಯಂತ್ರದ ಮಾತೆತ್ತಲಿಲ್ಲ. ಬೆಳಗಾದರೆ ಅವರ ಚಾಪೆಯ ಮೇಲೆ ಎಣ್ಣೆ ಹಾಕಿ ಒರೆಸಿಟ್ಟ ಯಂತ್ರ! ಹೆಂಗಸರು ಹಾಡಿ ಕುಣಿದರು. ಲೆಮಾಲು ಎದೆಯುಬ್ಬಿಸಿ, "ನೋಡಿದ್ರಾ? ಕೂದಲೇ ಕಾರಣ! ಬರ್ಕೊಳಯ್ಯಾ!" ಎಂದರು. ಗುಂಪಿನ ಹಿಂದೆ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ ಪೆಲೆಯ ಉದ್ದ ಕೂದಲು ಗಾಳಿಗೆ ಹಾರಾಡುತ್ತಿತ್ತು. ನಾನು ಬರೆದುಕೊಂಡೆ.