ಡಾಕ್ಟ್ರ ಬೂಟು

ಎಲ್ಲರೂ ಅವನನ್ನು ಡಾಕ್ಟ್ರು ಎನ್ನುತ್ತಿದ್ದರು. ಓದಿದ್ದು ಎಂಟನೇ ಕ್ಲಾಸು. ನೋಡುತ್ತಿದ್ದುದು ನಿಂಬೆ, ಮೂಸಂಬಿ, ಕಿತ್ತಳೆ ಗಿಡಗಳನ್ನು. ಕಾಂಡದಿಂದ ಕಂದು ಅಂಟು ಸೋರತೊಡಗಿತೆಂದರೆ ತೋಟದವರು ಅವನಿಗೇ ಫೋನು ಮಾಡುತ್ತಿದ್ದರು. ಅವನು ಬಂದು ಕೊಳೆತ ತೊಗಟೆ ಕೆರೆದು, ಮೈಲುತುತ್ತ ಸುಣ್ಣ ಕಲಸಿದ ನೀಲಿ ಮುಲಾಮು ಬಳಿದು, ಗಂಭೀರವಾಗಿ ತಲೆಯಾಡಿಸಿ ಹೋಗುತ್ತಿದ್ದ. ಕೆಲವು ಗಿಡ ಬದುಕುತ್ತಿದ್ದವು. ಸತ್ತವುಗಳಿಗೆ ಹವೆಯೇ ಕಾರಣ.

ಅವನ ಹೆಮ್ಮೆಯೆಲ್ಲ ಬೂಟಿನಲ್ಲಿತ್ತು. ಹತ್ತಾರು ತೋಟದ ಮಣ್ಣು ಮೆತ್ತಿದ ಆ ಬೂಟನ್ನು ಅವನು ಒಮ್ಮೆಯೂ ತೊಳೆದವನಲ್ಲ. ಅದೇ ತನ್ನ ಸರ್ಟಿಫಿಕೇಟು ಎನ್ನುತ್ತಿದ್ದ. ಈ ರೋಗದ ಬೂಷ್ಟು ಮಣ್ಣಿನಲ್ಲೇ ಕೂತಿರುತ್ತದೆ, ಬೂಟು ತೊಳೆದು ತೋಟಕ್ಕೆ ಇಳಿಯಿರಿ ಎಂದು ಕೃಷಿ ಇಲಾಖೆಯವರು ಸಭೆಯಲ್ಲಿ ಹೇಳಿದಾಗ ಡಾಕ್ಟ್ರು ನಕ್ಕು ಎದ್ದುಬಂದಿದ್ದ.

ಹೆಂಡತಿಗೆ ಗಿಡದ ಶಾಸ್ತ್ರ ಗೊತ್ತಿರಲಿಲ್ಲ, ನೆಲ ಒರೆಸುವ ಕಷ್ಟ ಗೊತ್ತಿತ್ತು. ಬೂಟು ಗೇಟಿನ ಹೊರಗೇ ಇರಬೇಕೆಂದು ಇಪ್ಪತ್ತು ವರ್ಷದಿಂದ ಅವಳ ಕಟ್ಟಪ್ಪಣೆ. ಹಿತ್ತಲಲ್ಲಿದ್ದ ಅವಳ ನಿಂಬೆಗಿಡ, ತೀರಿಹೋದ ಅವಳ ಅಮ್ಮ ಕೊಟ್ಟ ಸಸಿಯಿಂದ ಬೆಳೆದದ್ದು, ಒಂದು ಹನಿ ಅಂಟಿಲ್ಲದೆ ನಳನಳಿಸುತ್ತಿತ್ತು. ಅದು ತನ್ನ ಮುಲಾಮಿನ ಮಹಿಮೆಯೆಂದು ಡಾಕ್ಟ್ರು ಎಲ್ಲೆಡೆ ಡಂಗುರ ಸಾರಿದ. ಅದಕ್ಕೆ ಮುಲಾಮು ಸೋಕಿಯೇ ಇರಲಿಲ್ಲ.

ಈ ಮಾತು ನಂಬದ ತೋಟದ ಯಜಮಾನನೊಬ್ಬನಿಗೆ ಗಿಡ ತೋರಿಸಲು, ಹೆಂಡತಿ ಇಲ್ಲದ ಹೊತ್ತು ನೋಡಿ, ಬೂಟು ಹಾಕಿಕೊಂಡೇ ಹಿತ್ತಲಿಗೆ ನುಗ್ಗಿದ. ಮಳೆ ಬಿದ್ದು ನೆಲ ಹಸಿಯಾಗಿತ್ತು. ಬುಡದಲ್ಲೇ ನಿಂತು ಅರ್ಧ ಗಂಟೆ ಭಾಷಣ ಬಿಗಿದ. ಸಂಜೆ ಹೆಂಡತಿ ಬೂಟಿನ ಗುರುತು ನೋಡಿದಳು.

ಕೆಲವು ತಿಂಗಳಲ್ಲಿ ಆ ಕಾಂಡದಲ್ಲೂ ಅಂಟು ಕಾಣಿಸಿತು. ಡಾಕ್ಟ್ರು ಚಾಕು ಹಿಡಿದು ಬಂದರೆ ಅವಳು ಅಡ್ಡ ನಿಂತಳು.

"ರೀ, ಇಷ್ಟು ವರ್ಷ ನೀವು ಹತ್ರ ಬರದೇ ಇದ್ದಿದ್ದಕ್ಕೇ ಇದು ಬದುಕಿತ್ತು."

ಮಾತು ನಾಟಿತು. ಡಾಕ್ಟ್ರು ಬೀದಿ ನಲ್ಲಿಯ ಕೆಳಗೆ ಕೂತು ಬೂಟು ತಿಕ್ಕಿದ. ಕೆಂಪು, ಕಪ್ಪು, ಬೂದಿಬಣ್ಣದ ಮಣ್ಣು ಪದರಪದರವಾಗಿ ಕಳಚಿತು. ಯಾವುದು ಯಾರ ತೋಟದ್ದೆಂದು ಅವನಿಗೆ ಗೊತ್ತಾಗುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಅವನಿಗೆ ನಾಚಿಕೆಯಾಯಿತು.

ಮರುದಿನ ಹೊಳೆಯುವ ಬೂಟಿನಲ್ಲಿ ಅದೇ ಯಜಮಾನನ ತೋಟಕ್ಕೆ ಹೋದ. ಬೇಲಿಯ ಬಾಗಿಲಲ್ಲೇ ಯಜಮಾನ ಅವನ ಕಾಲು ನೋಡಿ ನಕ್ಕ.

"ಏನ್ ಡಾಕ್ಟ್ರೇ, ಈಗ ಯಾರೂ ಕರೀತಿಲ್ವಾ?"

ನಿಜ ಸಂಗತಿ ಡಾಕ್ಟ್ರ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಒಂದು ನಿಮಿಷದಲ್ಲಿ ಬಂದೆ ಎಂದು ಹೇಳಿ, ಅಂಟುರೋಗ ಹಿಡಿದ ಪಕ್ಕದ ತೋಟದ ಕೆಸರಿನಲ್ಲಿ ನಾಲ್ಕು ಹೆಜ್ಜೆ ಹಾಕಿ ಬಂದು ಒಳಗೆ ಕಾಲಿಟ್ಟ.