ಸದ್ದಿಲ್ಲದ ಮಗು

ನನ್ನ ಮಗಳಿಗೆ ಆಗ ಐದು ವರ್ಷ. ಅಂಬೆಗಾಲಿಡುವ ಮೊದಲೇ ಶುರುವಾದ ಫಿಟ್ಸು ಅವಳ ಜೊತೆಗೇ ಬೆಳೆದಿತ್ತು. ಬೆಳಿಗ್ಗೆ ಎರಡು ಸಿರಪ್ಪು, ಸಂಜೆ ಅವೇ ಎರಡು, ಮೇಲೊಂದು ಮಾತ್ರೆ. ಹಾಗಿದ್ದೂ ತಟ್ಟೆಯ ಮುಂದೆ ಕೂತವಳು ಇದ್ದಕ್ಕಿದ್ದಂತೆ ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದು ಒಂದು ಕಡೆಗೆ ವಾಲಿಬಿಡುತ್ತಿದ್ದಳು. ಗುತ್ತಲಿನ ನಮ್ಮ ಮನೆಯ ಬಚ್ಚಲಿನ ಚಿಲಕವನ್ನೇ ಬಿಚ್ಚಿಸಿದ್ದೆವು. ನಾನು ಸ್ನಾನ ಮಾಡುವಾಗಲೂ ಬಾಗಿಲು ಅರ್ಧ ತೆರೆದಿರಬೇಕು, ಅವಳು ಕಣ್ಣಿಗೆ ಬೀಳುತ್ತಿರಬೇಕು. ನಿಡಘಟ್ಟದಿಂದ ಅತ್ತೆ ಬಂದಿದ್ದ ದಿನ ಮಾತ್ರ ನಾನು ಸೊಪ್ಪು ತರಲು ಬೀದಿಗಿಳಿಯುತ್ತಿದ್ದೆ.

ಆದರೆ ಫಿಟ್ಸ್ ಇಲ್ಲದ ಹೊತ್ತಿನಲ್ಲಿ ಅವಳ ಬಾಯಿಗೆ ಬಿಡುವಿರಲಿಲ್ಲ. ಅಜ್ಜಿಯಿಂದ ಕಲಿತ ಮಾತು. "ಅಮ್ಮ, ನಂಗೆ ಮುದ್ದೆ ಬ್ಯಾಡ ಕಣಮ್ಮ. ನೀನೇ ತಿನ್ಕೊ."

ಆ ವರ್ಷ ಮಂಡ್ಯದ ಡಾಕ್ಟರು ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಫಿಟ್ಸ್ ನಿಂತಿತು. ಒಂದು ವಾರ, ಎರಡು ವಾರ, ನಾವು ಉಸಿರು ಬಿಗಿಹಿಡಿದು ಕಾದೆವು. ಬರಲಿಲ್ಲ. ಗಂಡ ಎಷ್ಟೋ ಕಾಲದ ಮೇಲೆ ನಕ್ಕರು. ಮಳವಳ್ಳಿಯಲ್ಲಿ ನಮ್ಮ ನೆಂಟರ ಮದುವೆಯಿತ್ತು. ಮೂವರೂ ಮದ್ದೂರಿನಲ್ಲಿ ಬಸ್ಸು ಬದಲಾಯಿಸಿಕೊಂಡು ಹೊರಟೆವು.

ಛತ್ರದಲ್ಲಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ವಾಲಗದವರು ಪಕ್ಕದಲ್ಲೇ ಊದಿದರೂ ಅವಳು ತಿರುಗಿ ನೋಡಲಿಲ್ಲ. ಪಾಯಸ ತುಟಿಗಿಟ್ಟರೆ ಹಾಗೇ ಗದ್ದಕ್ಕಿಳಿದುಹೋಯಿತು. ಜೊಲ್ಲು ಸುರಿದು ರೇಷ್ಮೆ ರವಿಕೆಯ ಕೊರಳು ಒದ್ದೆಯಾಗಿತ್ತು. ಎದುರಿಗಿದ್ದ ಹೆಂಗಸೊಬ್ಬರು ಮೆಚ್ಚಿಕೊಂಡು ಹೇಳಿದರು: "ಎಂಥಾ ಒಳ್ಳೆ ಕೂಸು ಕಣಮ್ಮ ನಿಂದು! ಒಂಚೂರೂ ಸದ್ದಿಲ್ಲ."

ನಾನು ಮಗಳನ್ನು ಎತ್ತಿಕೊಂಡು ಕೈ ತೊಳೆಯುವ ನಲ್ಲಿಯ ಹತ್ತಿರ ಹೋಗಿ ನಿಂತೆ. ಅವಳ ಮುಖ ತೊಳೆದೆ, ಹೆಸರು ಹಿಡಿದು ಕರೆದೆ. ತಣ್ಣೀರು ಬಿದ್ದರೂ ಮುಖ ಸಿಂಡರಿಸಲಿಲ್ಲ.

ಬಸ್ಸಿನಲ್ಲಿ ಗಂಡನಿಗೆ ಹೇಳಿದೆ, "ಇವಳು ಮಾತೇ ಆಡ್ತಿಲ್ಲ."

"ಆಡ್ದಿದ್ರೂ ಬುಡು. ಬೀಳ್ತಿಲ್ವಲ್ಲ," ಅಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಬೇಡಿಕೆಯಿತ್ತು. ನಾನು ಕಿಟಕಿಯ ಕಡೆ ತಿರುಗಿದೆ. ಬಿದ್ದರೆ ಎದೆ ಒಡೆಯುತ್ತದೆ, ಬೀಳದಿದ್ದರೆ ಮಗುವೇ ಇಲ್ಲ. ಈ ಕಡೆಗೂ ಬಾಗಿಲಿಲ್ಲ, ಆ ಕಡೆಗೂ ಬಾಗಿಲಿಲ್ಲ.

ಅವಳನ್ನು ಕರೆದುಕೊಂಡು ಹೋಗಿ ತೋರಿಸಿದಾಗ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಇದು ಮಾತ್ರೆಯ ಮಂಪರು. ನೀವಾಗಿ ನಿಲ್ಲಿಸಬೇಡಿ, ಅಪಾಯ. ನಾನೇ ನಿಧಾನಕ್ಕೆ ಇಳಿಸ್ತೀನಿ. ಆದರೆ ಫಿಟ್ಸ್ ಮತ್ತೆ ಬರಬಹುದು. ಮನೆಯಲ್ಲಿ ಮಾತಾಡ್ಕೊಂಡು ಬನ್ನಿ."

ಮನೆಯಲ್ಲಿ ಯಾರೂ ಮಾತಾಡಲಿಲ್ಲ. ದಿನಗಟ್ಟಲೆ ಸಂಜೆಯ ಮಾತ್ರೆಯನ್ನು ಜೇನಿನಲ್ಲಿ ಅರೆದು ಕೊಡುತ್ತಾ ಹೋದೆ. ಕೊನೆಗೆ ಅತ್ತೆಯೇ ಮಗನಿಗೆ ಹೇಳಿದರು: "ಬಿದ್ರೆ ಎತ್ಕೊಳಾಕೆ ನಾವಿದೀವಿ ಕಣ್ಲಾ. ಕೂಸಿನ ಮಾತು ನಿಂತೋದ್ರೆ ಎಲ್ಲಿಂದ ತಂದೀಯೆ?"

ಗಂಡ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಹಿಂತಿರುಗಿ ಬಂದು, "ನಾಳೆ ಡಾಕ್ಟ್ರತ್ರ ಓಗಣ," ಅಂದರು.

ಮಾತ್ರೆ ಇಳಿಯುತ್ತಾ ಬಂದಂತೆ ಅವಳ ಕಣ್ಣು ನಮ್ಮನ್ನು ಹಿಂಬಾಲಿಸತೊಡಗಿತು. ಒಂದು ಮಧ್ಯಾಹ್ನ ಅತ್ತೆ ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದರು. "ಅಜ್ಜಿ, ಕಾಲ್ ತೆಗಿ. ಎಡವ್ತೀನಿ." ಅತ್ತೆ ಕಾಲು ತೆಗೆಯಲಿಲ್ಲ, ಸೆರಗು ಬಾಯಿಗೊತ್ತಿಕೊಂಡು ಅತ್ತರು.

ಅದೇ ವಾರ ಅಡುಗೆಮನೆಯಲ್ಲಿ ಅವಳು ಬಿದ್ದಳು. ಪಕ್ಕಕ್ಕೆ ಹೊರಳಿಸಿದೆ. ಡಾಕ್ಟರು ಹೇಳಿಕೊಟ್ಟಂತೆ ಕಾದೆ, ನಿಲ್ಲಲಿಲ್ಲ. ಫಿಟ್ಸ್ ನಿಲ್ಲಿಸಲೆಂದು ಅವರೇ ಕೊಟ್ಟಿದ್ದ ಸ್ಪ್ರೇ ಮೂಗಿಗೆ ಹೊಡೆದೆ. ಸೆಟೆದ ಕೈಕಾಲು ಸಡಿಲವಾಗುವವರೆಗೂ ಗಡಿಯಾರ ನೋಡುತ್ತಾ ಪಕ್ಕದಲ್ಲೇ ಕೂತೆ. ಸಂಜೆ ಗಂಡನಿಗೆ ಹೇಳಿದೆ. ಅವಳ ಪಕ್ಕದಲ್ಲಿ ಮಲಗಿ ಗೋಡೆ ನೋಡಿದರು.

ಈಗ ಮಾತ್ರೆ ಅತ್ತಲೂ ಅಲ್ಲ, ಇತ್ತಲೂ ಅಲ್ಲ, ನಡುವೆ ಎಲ್ಲೋ ನಿಂತಿದೆ. ಫಿಟ್ಸ್ ಅಪರೂಪಕ್ಕೆ ಬರುತ್ತದೆ. ಮಾತು ನಿಧಾನ, ಆದರೆ ಇದೆ. ಶಾಲೆಗೂ ಸೇರಿಸಿದ್ದೇವೆ, ದಿನವಿಡೀ ನಾನು ಹೊರಗೆ ಕೂತಿರಬೇಕೆಂಬ ಷರತ್ತಿನ ಮೇಲೆ. ಜಗುಲಿಯ ಬೆಂಚಿನಿಂದ ರಸ್ತೆ ಕಾಣುತ್ತದೆ. ಕಬ್ಬಿನ ಟ್ರಾಕ್ಟರುಗಳು ಹೋಗುತ್ತವೆ, ಬಸ್ಸುಗಳು ಹೋಗುತ್ತವೆ. ಎದುರಿಗಿನ ಅಂಗಡಿಯಲ್ಲಿ ಟೀ ಕುದಿಯುತ್ತಿರುತ್ತದೆ, ನಾನು ಹೋಗುವುದಿಲ್ಲ. ಒಳಗೆ ಅವಳು ಯಾರದೋ ಪೆನ್ಸಿಲಿಗಾಗಿ ಜಗಳವಾಡುತ್ತಿದ್ದಾಳೆ. "ಕೊಡ್ಲೇ ಅದ್ನ, ನಂದು!"