ಬಾಣಲೆಯ ಮುಂದಿನ ಜಾಗ

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ದಾವಣಗೆರೆಯ ನಮ್ಮ ಮಂಡಕ್ಕಿ ಭಟ್ಟಿಯ ಯಜಮಾನಿಕೆ ನನ್ನ ಕೈಗೆ ಬಂದಿತ್ತು. ಹೊಗೆ ಎದೆಗೆ ಆಗದೆ ನನ್ನ ಗಂಡ ಬಜಾರಿನ ಅಂಗಡಿಯಲ್ಲಿ ಕೂತು ಮಾರಾಟ ನೋಡಿಕೊಳ್ಳುತ್ತಿದ್ದರು. ಭತ್ತ ಕೊಳ್ಳುವುದು, ಆಳುಗಳಿಗೆ ಕೆಲಸ ಹಂಚುವುದು, ಹುರಿಸುವುದು ಎಲ್ಲ ನನ್ನದು. ಆ ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು. ಹಾಗೆ ಹೇಳಿಕೊಳ್ಳಲು ಆಗಲೂ ಸಂಕೋಚವಿರಲಿಲ್ಲ.

ಒಂದು ಸುಗ್ಗಿಯಲ್ಲಿ ಹರಿಹರಕ್ಕೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಕೊಕ್ಕನೂರಿಗೆ ಭತ್ತ ನೋಡಲು ಹೋದೆ. ಕಣದಲ್ಲಿದ್ದ ರೈತ ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎಂದು ದಾರಿ ನೋಡಿದ.

“ಯಜಮಾನ್ರನ್ನ ಕಳಿಸ್ರಿ ತಾಯಿ. ಇದು ಹೆಂಗಸ್ರ ಕೆಲ್ಸ ಅಲ್ಲ.”

ನಾನು ರಾಶಿಯೊಳಕ್ಕೆ ಮೊಳಕೈವರೆಗೆ ಕೈ ತೂರಿಸಿ ಒಂದು ಹಿಡಿ ತೆಗೆದು ಕಾಳು ಕಚ್ಚಿದೆ. “ಮೇಲಿಂದು ಒಣಗೈತೆ, ಕೆಳಗಿಂದು ಹಸಿ ಐತೆ. ಇನ್ನೊಂದು ಬಿಸ್ಲು ಕಾಯಿಸ್ರಿ, ಆಮೇಲೆ ರೇಟು ಮಾತಾಡಾಣ.”

ಅವನು ನಕ್ಕು, “ಕೂಡ್ರಿ, ಕೂಡ್ರಿ” ಎಂದು ಕಂಬಳಿ ಹಾಸಿದ.

ಅದೇ ವಾರ ಬಾಣಲೆಯಲ್ಲಿ ಹುರಿಯುವವನೊಬ್ಬ ಕೆಲಸ ಬಿಟ್ಟ. ಕಾದ ಮರಳಿನಲ್ಲಿ ಅಕ್ಕಿ ಅರಳಿಸುವ ಆ ಜಾಗಕ್ಕೆ ಕೂಲಿ ಹೆಚ್ಚು. ಜರಡಿ ಹಿಡಿಯಲು ಆನಗೋಡಿನಿಂದ ಬರುತ್ತಿದ್ದ ಹೆಂಗಸು ಬೆಳಿಗ್ಗೆ ಬಂದು, ನಮ್ಮವರಲ್ಲಿ ಅಕ್ಕನನ್ನು ಕರೆಯುವಂತೆ ನನ್ನನ್ನು ಕರೆದು, “ಆಪಾ, ಬಾಣ್ಲಿ ಮುಂದೆ ನಾನು ನಿಲ್ತೀನ್ರಿ” ಎಂದಳು.

“ಬ್ಯಾಡ, ನಿನ್ ಕೈಲಿ ಆಗಲ್ಲ. ನಿನ್ ಗಂಡನ್ನ ಕಳಿಸು,” ಎಂದೆ, ತಲೆಯನ್ನೂ ಎತ್ತದೆ.

ಸಂಜೆ ಮನೆಗೆ ಬಂದ ನಾದಿನಿಗೆ ಕೊಕ್ಕನೂರಿನ ಕತೆ ಹೇಳುತ್ತಿದ್ದೆ. ಸೊಂಟಕ್ಕೆ ಕೈಯಿಟ್ಟು, ಗಂಟಲು ದಪ್ಪ ಮಾಡಿ, “ಯಜಮಾನ್ರನ್ನ ಕಳಿಸ್ರಿ” ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. ನನ್ನ ನಗು ಅರ್ಧಕ್ಕೇ ನಿಂತಿತು. ಬೆಳಿಗ್ಗೆ ನಾನೇ ಆ ಮಾತು ಆಡಿದ್ದೆ. ರೈತನಾದರೂ ನನ್ನನ್ನು ಕಂಡಿದ್ದು ಮೊದಲ ಸಲ. ಈ ಹೆಂಗಸು ವರ್ಷಗಟ್ಟಲೆ ನನ್ನ ಕಣ್ಣೆದುರೇ ದುಡಿದವಳು. ಆಳುಗಳು ಏನೆಂದಾರೋ ಎಂಬ ಭಯ ನನಗೆ. ಅಷ್ಟೇ ಅಲ್ಲ, ಗಂಡಸರ ನಡುವೆ ಸಂಪಾದಿಸಿದ ಜಾಗದಲ್ಲಿ ನಾನೊಬ್ಬಳೇ ಇರಬೇಕೆಂಬ ಆಸೆಯೂ ಇತ್ತು.

ಮರುದಿನ ಅವಳನ್ನು ಕರೆದು ಬಾಣಲೆಯ ಮುಂದೆ ನಿಲ್ಲಿಸಿದೆ. ಪಕ್ಕದ ಬಾಣಲೆಯ ಹಿರಿಯ ಆಳು ಕೈಯಲ್ಲಿದ್ದ ಸಟ್ಟುಗ ಕೆಳಗಿಟ್ಟ.

“ಹೆಂಗಸ್ರ ಪಕ್ಕ ನಿಂತು ಹುರಿಯೋದಂದ್ರ ನಮ್ ಇಜ್ಜತ್ ಏನಾಗ್ತೈತ್ರಿ?”

“ಹೆಂಗಸಿನ ಕೈಲಿ ಕೂಲಿ ಇಸ್ಕೊಳ್ಳುವಾಗ ಹೋಗದ ಇಜ್ಜತ್ ಈಗ ಯಾಕ ಹೋಗ್ತೈತೆ?”

ಅವನು ಗೊಣಗುತ್ತಲೇ ಸಟ್ಟುಗ ಮತ್ತೆ ಎತ್ತಿಕೊಂಡ. ಕೆಲಸ ಬಿಟ್ಟು ಹೋಗಲಿಲ್ಲ.

ಅವಳು ಮೊದಲ ಸಲ ಹುರಿದದ್ದು ಸೀದು ಕಪ್ಪಾಯಿತು. ಗಂಡಸರೆಲ್ಲ ನನ್ನ ಮುಖ ನೋಡಿದರು. ಪರವಾಗಿಲ್ಲ ಬಿಡು ಎಂಬ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. “ಸೀದೈತೆ. ಮರಳು ಜಾಸ್ತಿ ಕಾದೈತೆ, ಬೆಂಕಿ ಹಿಂದಕ್ಕೆಳೆದು ಮತ್ತೆ ಹಾಕು.” ಗಂಡಾಳಿಗಾದರೂ ಅಷ್ಟೇ ಹೇಳುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಅವಳ ಬಾಣಲೆಯಿಂದ ಜರಡಿಗೆ ಮಂಡಕ್ಕಿ ಬೆಳ್ಳಗೆ, ಹಗುರಾಗಿ ಬೀಳತೊಡಗಿತು. ಹಿರಿಯ ಆಳು ಒಂದು ಹಿಡಿ ಬಾಯಿಗೆ ಹಾಕಿಕೊಂಡು, “ಉಪ್ಪು ಒಂಚೂರು ಕಮ್ಮಿ ಐತೆ” ಎಂದ.

“ಅಕ್ಕಿಗೆ ಉಪ್ಪು ಹಾಕಿದ್ದು ನಾನು. ನಾಳೆ ಸರಿ ಮಾಡ್ತೀನಿ,” ಎಂದೆ.

ಆ ವಾರದ ಸಂತೆಯ ದಿನ ಅವಳಿಗೂ ಬಾಣಲೆಯವರ ಕೂಲಿಯನ್ನೇ ಕೊಟ್ಟೆ.